ಬಿಟ್ಟುಹೋದ ಹನ್ನೊಂದು ಹೆಸರು

ನಾರ್ವೆಯ ಮೊದಲ ದರ್ಜೆಯಲ್ಲಿ ಆಡುವ ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆದ ಐಲಿಫಜ್ಜನನ್ನು ಕೇಳಿದರೆ, ನಾವು ಒಂದು ಪಂದ್ಯವನ್ನೂ ಸೋತಿಲ್ಲ. ಒಂದು ಸಲ ಹಿಮ ಗೆದ್ದಿತ್ತು, ಒಂದು ಸಲ ರೆಫರಿ ಗೆದ್ದಿದ್ದ, ಮಿಕ್ಕಿದ್ದೆಲ್ಲ ಫ್ಯೋರ್ಡಿನ ಕಡಲಗಾಳಿ ಗೆದ್ದದ್ದು. ಯಾರ ಮನೆಗೆ ಹೋದರೂ ಬೂಟು ಬಿಚ್ಚುತ್ತಲೇ, "ಕಾಫಿ ಆಮೇಲಾಗ್ಲಿ, ಮೊದ್ಲು ನಿಮ್ಮನೇಲಿರೋ ನನ್ ಪುಸ್ತಕ ತಗೊಂಬನ್ನಿ," ಎನ್ನುತ್ತಾರೆ. ಅದರ ಕೊನೆಯ ಖಾಲಿ ಹಾಳೆಯಲ್ಲಿ, ತಾವು ಸೇರಿಸಲು ಮರೆತಿದ್ದ ಮೊದಲ ಹೆಂಗಸರ ತಂಡದ ಹನ್ನೊಂದು ಹೆಸರನ್ನು ದುಂಡಗೆ ಬರೆದುಕೊಡುತ್ತಾರೆ. "ಇನ್ನೊಂದ್ಸಲ ಅಚ್ಚು ಹಾಕಿಸಿದ್ರೆ ಮುಗೀತಿತ್ತಲ್ಲಜ್ಜ?" ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಮರ್ತಿದ್ದು ಅಚ್ಚಿನ ಯಂತ್ರ ಅಲ್ಲಮ್ಮ, ಈ ಕೈ," ಎಂದರು. ಹೀಗೆ ಬರೆದುಕೊಡುತ್ತ ಊರಿನ ಮನೆಗಳೆಲ್ಲ ಮುಗಿಯುತ್ತ ಬಂದಿವೆ. ಅವರು ಮೊದಲು ಬರೆಯುವ ಹೆಸರು ಗೋಲ್‌ಕೀಪರ್ ಗುನ್ವೋರ್, ಅವರ ಒಡಹುಟ್ಟಿದ ಅಕ್ಕ. ಆಕೆಯ ಮನೆ ಅವರ ಬೇಲಿಯಾಚೆಯೇ ಇದೆ. ಅಲ್ಲಿಗೆ ಮಾತ್ರ ಇನ್ನೂ ಹೋಗಿಲ್ಲ.