ಕೆಳಮನೆಯ ಹೆಸರಿಗೆ ನಾಲ್ಕು ಗಂಟೆ

ಕೋಡಿಯ ಅಕ್ಷಿತಾ ಕಂಪ್ಯೂಟರ್ ಕಲಿತು, ಗುಲ್ವಾಡಿಯಲ್ಲಿ ಭತ್ತ ಕೊಯ್ಯುವ ಯಂತ್ರ ಬಾಡಿಗೆಗೆ ಕೊಡುವ ಕೇಂದ್ರದಲ್ಲಿ ಕೂತಿದ್ದಾಳೆ. ಅಪ್ಪ ಮೀನಿನ ಬೋಟಿನವರು. ಯಾರ ಗದ್ದೆಗೆ ಯಾವತ್ತು ಯಂತ್ರ ಬರುತ್ತದೆಂದು ಮೊಬೈಲಿನಲ್ಲೇ ನೋಡುವ ಹಾಗೆ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವಳು ಅವಳೇ. ಅವಳು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ನನ್ನ ಎದುರು ಅದು ಸಣ್ಣ ಮಾತಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಬಯ್ಯುವುದನ್ನು ನಾನು ಯಾರಿಂದಲೂ ಕಲಿಯಬೇಕಾಗಿಲ್ಲ.

ಕಳೆದ ಅಕ್ಟೋಬರಿನಲ್ಲಿ ನನ್ನ ಭತ್ತ ಹಣ್ಣಾಗಿ ಬಾಗಿತ್ತು, ಮೋಡ ಕಟ್ಟಿತ್ತು. ನಮ್ಮೂರಿಗೆ ಯಂತ್ರ ಬರುವುದು ಗುರುವಾರವೇ ಕಡೆ. ನಾನು ಎರಡು ಗಂಟೆಯ ಬಾಡಿಗೆ ಬರೆಸಿದ್ದೆ. ಬುಧವಾರ ಮೊಬೈಲಿನಲ್ಲಿ ನೋಡಿದರೆ ನಮ್ಮಿಬ್ಬರ ಮನೆತನದ ಹೆಸರಾದ ‘ಕೆಳಮನೆ’ಯ ಎದುರು ತಮ್ಮ ರವಿರಾಜನ ಹೆಸರು, ನಾಲ್ಕು ಗಂಟೆ. ನನ್ನದಿಲ್ಲ. ಆಸ್ತಿ ಪಾಲಾದ ಮೇಲೆ ನಾಲ್ಕು ವರ್ಷದಿಂದ ನಮಗೆ ಮಾತಿಲ್ಲ.

ಕೇಂದ್ರಕ್ಕೆ ಓಡಿದೆ.

“ಹ್ವಾಯ್, ನಂದ್ ಅಳ್ಸದ್ ಯಾರ್?”

“ಯಾರೂ ಅಳ್ಸಲಿಲ್ಲ ರಾಜೀವಣ್ಣ, ಕೂಕಣಿ,” ಎಂದು ಅಕ್ಷಿತಾ ಕುರ್ಚಿ ಎಳೆದಳು. “ಇದ್ ಅಡ್ಗಿಮನಿ ಡಬ್ಬಿ ಇದ್ದಂಗೆ. ಮೇಲಿನ ಹೆಸ್ರ್ ಕೀ, ಒಳ್ಗಿಪ್ದ್ ವ್ಯಾಲ್ಯೂ. ಇಲ್ಲಿ ಎಲ್ಲರ್ನೂ ಮನಿ ಹೆಸ್ರಲ್ಲೇ ಕರೂದಲ್ದಾ? ನಾನ್ ಅದನ್ನೇ ಕೀ ಮಾಡ್ದೆ. ಒಂದ್ ಹೆಸ್ರಿಗೆ ಒಂದೇ ಡಬ್ಬಿ. ರವಿರಾಜಣ್ಣಂದ್ ಹಾಕ್ದಾಗ ನಿಮ್ದ್ ಹೋಯ್ತ್.”

“ಡಬ್ಬಿಗೆ ಮತ್ತೆ ಅಕ್ಕಿ ಹಾಕ್ರೆ ಮುಂಚಿನ್ ಅಕ್ಕಿಯೂ ಇರತ್ತಲೆ!”

“ಇದ್ರಲ್ಲಿ ಇರುದಿಲ್ಲ. ಮುಂಚಿಂದ್ ಚೆಲ್ಲಿ ಹೊಸ್ತ್ ಹಾಕತ್ತ್.”

“ಚೆಲ್ಲುದ್ ಯಾರ್?”

“ಅದೇ.”

“ಅದಂದ್ರೆ ಯಾರ್ ಮಾರಾಯ್ತಿ? ಹೆಸ್ರ್ ಹೇಳ್!”

ಪರದೆ ನನ್ನ ಕಡೆ ತಿರುಗಿಸಿದಳು. ಕಂಸ, ಬಾಣ, ಮತ್ತೆ ಕಂಸ. ಯಾರ ಹೆಸರೂ ಕಾಣಲಿಲ್ಲ.

“ತಪ್ಪ್ ನಂದೇ. ಆದ್ರೆ ನಾಳೆ ಬೇರೆ ಹೊತ್ತೇ ಇಲ್ಲ. ರವಿರಾಜಣ್ಣನ್ನೇ ಕೇಂತೆ,” ಎಂದು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

“ಅವ್ನ್ ಅಷ್ಟ್ ಸಣ್ ಗದ್ದಿಗೆ ನಾಲ್ಕ್ ಗಂಟಿ ಎಂತಕ್ಕಂತೆ, ಕೇಣ್!” ಎಂದು ನಾನು ಪಿಸುಗುಟ್ಟಿದೆ.

ಅವಳು ಕೇಳಿದಳು. ಆಚೆಯಿಂದ ತಮ್ಮನ ದನಿ: “ಎರಡ್ ನಂಗೆ, ಎರಡ್ ಅಣ್ಣಂಗೆ. ಅವ ಬರ್ಸುಕೆ ಮರೀತ, ಆಮೇಲೆ ಮಳಿಗೆ ಬೈತ. ನಾ ಬರ್ಸದ್ ಅಂದ್ ಅವಂಗೆ ಹೇಳ್ಬೇಡಿ.”

ಬಯ್ಯಲು ಬಾಯಿ ತೆರೆದೆ. ಯಾರನ್ನೆಂದು ತಿಳಿಯಲಿಲ್ಲ.

ಅಕ್ಷಿತಾ ಫೋನ್ ಇಟ್ಟು ಏನೋ ಒತ್ತಿದಳು. ಕೆಳಮನೆಯ ಅಡಿಯಲ್ಲಿ ಇಬ್ಬರ ಹೆಸರೂ ಬಂತು, ಎರಡೆರಡು ಗಂಟೆ. “ಈಗ ದೊಡ್ ಡಬ್ಬಿ ಒಳ್ಗೆ ಎರಡ್ ಸಣ್ ಡಬ್ಬಿ. ಮೊದ್ಲ್ ಯಾರ್ದ್?”

“ಅವಂದೇ ಹಾಕ್!” ಎಂದು ಗದರಿದೆ. ಯಾಕೆ ಹಾಗಂದೆನೋ.

ಗುರುವಾರ ಸಂಜೆ ನನ್ನ ಗದ್ದೆ ಮುಗಿಯುವಾಗ ಹನಿ ಬಿತ್ತು. ಚೀಲ ಹೊರಲು ರವಿರಾಜ ಬಂದ. ನಾಲ್ಕು ವರ್ಷದ ಮೇಲಿನ ಮೊದಲ ಮಾತಾಗಿ, ಚೀಲ ಹಿಡಿದ ರೀತಿ ಸರಿಯಿಲ್ಲವೆಂದು ಅವನಿಗೆ ಚೆನ್ನಾಗಿ ಬಯ್ದೆ.