ಖಂಡೇ ಪೂಜೆಯ ದಿನ ಚಿಂಚವಾಡಕ್ಕೆ

ಎರಡು ಸಾವಿರದ ನಾಲ್ಕನೇ ಇಸವಿ, ಅಕ್ಟೋಬರ್ ತಿಂಗಳು. ನಾವು ಮುಂಬೈಯಲ್ಲಿ ಇಳಿದಾಗ ಬೆಳಿಗ್ಗೆಯೇ ಸೆಕೆ ಶುರುವಾಗಿತ್ತು. ನಾವು ಎಂದರೆ ನಾನು ಮತ್ತು ನನ್ನ ಮೇಲಧಿಕಾರಿ ಆನ್. ಐವತ್ತು ದಾಟಿದ ಇಂಗ್ಲಿಷ್ ಹೆಂಗಸು, ಮಾತು ಕಡಿಮೆ. ಪುಣೆಯವರೆಗೆ ಎರಡು ಸಾವಿರ ರೂಪಾಯಿಗೆ ಕಾರು ಗೊತ್ತುಮಾಡಿ, ಸೂಟ್‌ಕೇಸುಗಳನ್ನು ಡಿಕ್ಕಿಗೆ ತುಂಬಿ ಹೊರಟೆವು.

ನಾನು ಚಿಂಚವಾಡದ ಕಾರ್ಮಿಕರ ಕಾಲನಿಯಲ್ಲಿ ಬೆಳೆದವಳು. ಅಪ್ಪ ವಿಜಾಪುರದ ಕಡೆಯಿಂದ ಬಂದು ಪಿಂಪ್ರಿಯಲ್ಲಿ ಫಿಟರ್ ಆದವರು. ಅವ್ವ ಕಾಲನಿಯಲ್ಲೇ ಖಾನಾವಳಿ ನಡೆಸುತ್ತಾಳೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಣೆಯಲ್ಲಿ ಬಿ.ಕಾಂ. ಮುಗಿಸಿ, ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿಗೆ ಹೋಗಿ ಎಂ.ಬಿ.ಎ. ಓದಿದೆ. ಹಗಲು ಕ್ಲಾಸು, ಸಂಜೆ ಸೂಪರ್‌ಮಾರ್ಕೆಟ್ಟಿನ ಕಪಾಟುಗಳಲ್ಲಿ ಡಬ್ಬಿ ಜೋಡಿಸುವ ಕೆಲಸ. ಮೊದಮೊದಲು ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಉಳಿದವರು ದೊಡ್ಡ ದೊಡ್ಡ ಕಂಪನಿಗಳ ಕಥೆ ಹೇಳುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, ಯಾವ ಕಾರ್ಖಾನೆಗೆ ಯಾವ ಶಿಫ್ಟು ಎಂದು ನೋಡಿ ನಮ್ಮವ್ವ ರೊಟ್ಟಿಯ ಹಿಟ್ಟು ಕಲಸುವ ಬಗೆಯನ್ನು ಎದ್ದು ನಿಂತು ಹೇಳಿದೆ. ಆಮೇಲೆ ಬಾಯಿ ಮುಚ್ಚಲಿಲ್ಲ.

ಓದು ಮುಗಿದ ಮೇಲೆ ಪಂಪು ತಯಾರಿಸುವ ಕಂಪನಿಯೊಂದರ ಖರೀದಿ ವಿಭಾಗಕ್ಕೆ ಸೇರಿದೆ. ಮೊದಲ ಕೆಲವು ತಿಂಗಳು ಪರೀಕ್ಷೆಯ ಕಾಲ. ಅದು ಮುಗಿಯುವಾಗ ಕಂಪನಿ ನನಗಾಗಿ ವರ್ಕ್ ಪರ್ಮಿಟ್ ಕೇಳಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಪಂಪಿನ ಶಾಫ್ಟನ್ನು ಚಿಂಚವಾಡದಲ್ಲಿ ಮಾಡಿಸಬಹುದು ಎಂದು ಮೀಟಿಂಗಿನಲ್ಲಿ ಹೇಳಿದವಳು ನಾನೇ. ಆನ್ ತಮ್ಮ ಕಣ್ಣೆದುರು ತಯಾರಾಗುವುದನ್ನು ನೋಡದೆ ಯಾವುದನ್ನೂ ಒಪ್ಪುವವರಲ್ಲ. ನಾವು ಬಂದಿಳಿದ ಮರುದಿನ ಸಂಜೆಯೇ ಅವರಿಗೆ ಮುಂಬೈಯಿಂದ ಚೀನಾಕ್ಕೆ ವಿಮಾನ. ಅಲ್ಲಿಯೂ ಒಂದು ಕಾರ್ಖಾನೆ ಕಾಯುತ್ತಿತ್ತು. ಆರ್ಡರು ಅತ್ತ ಹೋದರೆ ನನ್ನ ಕೆಲಸವೂ ಹೋದಂತೆಯೇ ಲೆಕ್ಕ.

ಘಾಟಿನಲ್ಲಿ ಗಾಳಿ ತಣ್ಣಗಾಯಿತು. ಲೋಣಾವಳಾದ ಹತ್ತಿರ ಇಳಿದು ವಡಾಪಾವ್ ತಿಂದು ಚಹಾ ಕುಡಿದೆವು. ಖಾರಕ್ಕೆ ಆನ್‌ರ ಮೂಗು ಕೆಂಪಾಯಿತು, ಆದರೂ ತಟ್ಟೆಯಲ್ಲಿ ಏನೂ ಬಿಡಲಿಲ್ಲ. ಎದುರು ಬರುತ್ತಿದ್ದ ಲಾರಿಗಳ ಮೂತಿಗೆ ಚೆಂಡುಹೂವಿನ ಮಾಲೆ. "ಲಾರಿಗಳಿಗೇಕೆ ಹೂವು?" ಎಂದು ಕೇಳಿದರು. "ನಾಳೆ ದಸರಾ ಹಬ್ಬ" ಎಂದೆ. ಅಷ್ಟು ಹೇಳಿದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಕಾರ್ಖಾನೆ ತಲುಪಿದೆವು. ಮಾಲೀಕರು ದೇಸಾಯಿ, ಬೆಳಗಾವಿ ಕಡೆಯವರು. ಗೇಟಿಗೆ ಮಾವಿನ ತೋರಣ, ಒಳಗೆ ಊದುಬತ್ತಿಯ ಹೊಗೆ. ಲೇಥ್ ಯಂತ್ರಗಳು ಸಾಲಾಗಿ ಹಣೆಗೆ ಕುಂಕುಮ ಹಚ್ಚಿಕೊಂಡು, ಹೂವಿನ ಹಾರ ಹಾಕಿಕೊಂಡು ಮದುಮಕ್ಕಳ ಹಾಗೆ ಸುಮ್ಮನೆ ನಿಂತಿದ್ದವು. ಒಂದೂ ಓಡುತ್ತಿರಲಿಲ್ಲ. ಆಗ ಹೊಳೆಯಿತು. ಅವತ್ತು ಖಂಡೇ ಪೂಜೆ, ಎಂದರೆ ಆಯುಧಪೂಜೆ. ದೇಸಾಯರು ಕಳಿಸಿದ ರಜೆಯ ಪಟ್ಟಿಯಲ್ಲಿ ದಸರಾ ಒಂದೇ ಇತ್ತು, ಏಕೆಂದರೆ ಖಂಡೇ ಪೂಜೆಯ ದಿನ ಕಾರ್ಖಾನೆ ತೆರೆದೇ ಇರುತ್ತದೆ. ಯಂತ್ರ ಮಾತ್ರ ಓಡುವುದಿಲ್ಲ. ಫಿಟರನ ಮಗಳಾದ ನನಗೆ ಇದನ್ನು ಬರೆದು ತಿಳಿಸಬೇಕಿತ್ತೇ?

"ನೀವು ಬೇಕಂತನ ಇದೇ ದಿವಸ ಭೇಟಿ ಇಟ್ಟೀರಿ ಅಂತ ಭಾಳ ಖುಷಿಯಾಗಿತ್ರೀ ನಮಗ" ಎಂದರು ದೇಸಾಯರು ಪೇಢೆಯ ಡಬ್ಬಿ ಚಾಚುತ್ತ. "ನಮ್ಮ ಹುಡುಗಿ ಸಾಹೇಬರನ್ನ ಪೂಜಿಗೆ ಕರಕೊಂಡು ಬರ್ತಾಳ ಅಂತ ಎಲ್ಲಾರಿಗೂ ಹೇಳಿದ್ದೆ."

"ಒಂದೇ ಒಂದು ಮಷೀನ್ ಚಾಲು ಮಾಡಬಹುದೇನ್ರಿ?"

ಅವರ ಮುಖದ ನಗು ಹಾಗೇ ನಿಂತಿತು. "ಕುಂಕುಮ ಹಚ್ಚಿದ ಮ್ಯಾಲ ಹೆಂಗ ಮಾಡೋದವ್ವಾ? ನಾ ಹೇಳಿದರೂ ನಮ್ಮ ಮಂದಿ ಕೈ ಹಚ್ಚಂಗಿಲ್ಲ."

ಆನ್‌ಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ನಾಳೆ?" ಎಂದರು. "ನಾಳೆ ರಜೆ" ಎಂದೆ. ಪೇಢೆಯನ್ನು ನಿಧಾನವಾಗಿ ತಿಂದು ಮುಗಿಸಿ, "ನಿನ್ನ ಮನೆ ಇಲ್ಲೇ ಹತ್ತಿರ ಅಂದಿದ್ದೆಯಲ್ಲ?" ಎಂದು ಕೇಳಿದರು.

ಕಾಲನಿಗೆ ನಡೆದೇ ಹೋದೆವು. "ಬರ್ರಿ, ಬರ್ರಿ, ಕುಂದರ್ರಿ" ಎಂದು ಅವ್ವ ಆನ್‌ರ ಕೈ ಹಿಡಿದು ಒಳಗೆ ಕರೆದೊಯ್ದಳು. ದೇವರ ಮುಂದೆ ಅಪ್ಪನ ಸ್ಪ್ಯಾನರು, ಅವ್ವನ ಈಳಿಗೆ, ಚಾಕು ಎಲ್ಲಕ್ಕೂ ಪೂಜೆಯಾಗಿತ್ತು. ಪಲ್ಯಕ್ಕೆ ಬದನೆಕಾಯಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿದ್ದಳು. ಆನ್ ಚೀಲದಿಂದ ಒಂದು ಸೇಬುಹಣ್ಣು ತೆಗೆದು, ಎಲ್ಲರಿಗೂ ಹಂಚಲು ಚಾಕು ಕೇಳಿದರು.

"ಇವತ್ತ ಚಾಕೂಗೂ ಸೂಟಿ. ಕಚ್ಚಿ ತಿನ್ನಾಕ ಹೇಳವಾ ಅವರಿಗೆ" ಎಂದಳು ಅವ್ವ.

ಪೂಜೆಯಾದ ಚಾಕುವಿಗೂ ಇವತ್ತು ರಜೆ ಎಂದು ನಾನು ತಿಳಿಸಿ ಹೇಳಿದೆ. ಆನ್ ಸೇಬನ್ನು ಕಚ್ಚಿ, ಹೊರಟಾಗಿನಿಂದ ಮೊದಲ ಸಲ ನಕ್ಕರು.

ಅವ್ವನ ಕಣ್ಣು ನನ್ನ ಮೇಲಿತ್ತು. "ಮಾರಿ ಯಾಕ ಸಣ್ಣದು ಮಾಡೀದಿ?"

ಹೇಳಿದೆ. ಹಣೆ ಬಡಿದುಕೊಂಡಳು. "ಹುಚ್ಚಿ! ವರ್ಷಾ ವರ್ಷಾ ನಿಮ್ಮಪ್ಪನ ಕಾರ್ಖಾನಿ ಪೇಢೆ ತಿಂದು ದೊಡ್ಡಾಕ್ಯಾಗಿ, ಇದನ್ನ ಮರತ್ಯಲ್ಲ!"

"ಇಂಗ್ಲೆಂಡಿನ್ಯಾಗ ಖಂಡೇ ಪೂಜಿ ಯಾರು ನೆನಪು ಮಾಡಬೇಕು ಆಕಿಗೆ? ಬಿಡು" ಎಂದರು ಅಪ್ಪ.

"ಬಿಟ್ಟರ ನೌಕರಿ ಹೋಗ್ತದ" ಎಂದಳು ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವುತ್ತ. "ನಾಳಿಗೆ ದಸರಾ. ಹೊಸಾ ಕೆಲಸ ಹಿಡಿಯಾಕ ಅದಕ್ಕಿಂತ ಛಲೋ ದಿವಸ ಯಾವುದದ? ನಾ ಖಾನಾವಳಿ ಶುರು ಮಾಡಿದ್ದೂ ದಸರಾಕ್ಕನ. ದೇಸಾಯರಿಗೆ ಮಷೀನ ಓಡಸ್ರಿ ಅನಬ್ಯಾಡ. ನಮ್ಮ ಹೊಸಾ ಕೆಲಸದ ಮುಹೂರ್ತ ನಿಮ್ಮಲ್ಲೇ ಮಾಡೋಣ್ರಿ ಅನ್ನು."

ಮಾರ್ಕೆಟಿಂಗ್ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕಗಳು ಬಂದಿದ್ದವು. ಆದರೂ ಅವ್ವ ಹೇಳಿದಂತೆಯೇ, ಒಂದು ಶಬ್ದವೂ ಹೆಚ್ಚುಕಡಿಮೆ ಮಾಡದೆ ಫೋನಿನಲ್ಲಿ ಹೇಳಿದೆ. ದೇಸಾಯರು, "ಭಾಳ ಛಲೋ ಮಾತು. ಆದರ ಸೂಟಿ ದಿವಸ ಹುಕುಂ ಮಾಡಂಗಿಲ್ರೀ, ಮಾರುತಿನ್ನ ಕೇಳತೀನಿ" ಎಂದರು. ಮಾರುತಿ ಅವರ ಲೇಥ್ ನಡೆಸುವವನು. ಊಟಕ್ಕೆ ಕುಳಿತಿದ್ದಾಗ ಅವರ ಫೋನು ಬಂತು. ಮಾರುತಿ ಒಪ್ಪಿದ್ದ.

ಮರುದಿನ ಬೆಳಿಗ್ಗೆ ಮಾರುತಿ ಹೊಸ ಅಂಗಿ ತೊಟ್ಟು ಬಂದ. ಯಂತ್ರಕ್ಕೆ ಕೈಮುಗಿದು, ಹಾರ ತೆಗೆದು ಪಕ್ಕಕ್ಕಿಟ್ಟು, ತೆಂಗಿನಕಾಯಿ ಒಡೆದ. ಗುಂಡಿ ಒತ್ತಲು ದೇಸಾಯರು ಆನ್‌ರನ್ನು ಕರೆದರು. ಆನ್ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಒತ್ತಿದೆ. ಉಕ್ಕಿನ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳತೊಡಗಿತು.

ಮೊದಲ ಶಾಫ್ಟನ್ನು ಆನ್ ತಾವೇ ಅಳೆದು, ಅಳತೆ ಸರಿಯಿಲ್ಲವೆಂದು ತಲೆ ಅಲ್ಲಾಡಿಸಿದರು. ಮಾರುತಿ ಉಕ್ಕು ಕೊರೆಯುವ ಹತ್ಯಾರು ಸರಿಪಡಿಸಿದ. ಎರಡನೆಯದೂ ಸರಿ ಬರಲಿಲ್ಲ. ದೇಸಾಯರು ಗಣಪತಿಯ ಫೋಟೋ ಕಡೆ ನೋಡುತ್ತ ನಿಂತರು. ಮೂರನೆಯದನ್ನು ಆನ್ ಒಂದು ಸಲ ಅಳೆದರು, ತಿರುಗಿಸಿ ಇನ್ನೊಂದು ಸಲ ಅಳೆದರು. "ಇದು ಸರಿ. ಇದೇ ರೀತಿ ಇನ್ನೂ ಹತ್ತು ಬೇಕು" ಎಂದರು. ಆ ಹತ್ತೂ ಸರಿ ಬಂದವು. ಮಾರುತಿ ಕೈ ತೊಳೆದು ಬಂದು, ಆನ್‌ಗೆ ಒಂದು ಎಲೆ ಕೊಟ್ಟು, "ಸೋನಂ ಘ್ಯಾ, ಮ್ಯಾಡಮ್" ಎಂದ. ಬಂಗಾರ ತಗೊಳ್ಳಿ ಎನ್ನುತ್ತಿದ್ದಾನೆ, ದಸರಾಕ್ಕೆ ಬಂಗಾರವೆಂದು ಇಲ್ಲಿ ಕೊಡುವುದು ಎಲೆಯನ್ನೇ ಎಂದು ನಾನು ಹೇಳಿದೆ. ಆನ್ ಅವನ ಕಟ್ಟಿನಿಂದಲೇ ಒಂದು ಎಲೆ ಇಸಿದುಕೊಂಡು ಅವನಿಗೆ ವಾಪಸು ಕೊಟ್ಟರು. ಎಲ್ಲರೂ ನಕ್ಕರು.

ಹೊರಡುವ ಮುಂಚೆ ಮನೆಗೆ ಹೋಗಿ ಅಪ್ಪ ಅವ್ವನಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದೆ. "ಬಂಗಾರದಂಗ ಇರವಾ" ಎಂದಳು ಅವ್ವ. ಅಪ್ಪ ಏನೋ ಹೇಳಲು ಹೋಗಿ, ಕಾರಿನ ಟೈರನ್ನು ಒಮ್ಮೆ ಒದ್ದು ನೋಡಿ, "ಗಾಳಿ ಸರಿ ಅದ" ಎಂದರು.

ಕಾರು ದೇಹೂ ರೋಡ್ ದಾಟುವಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಚಿಮಣಿಗಳಲ್ಲಿ ಹೊಗೆಯಿರಲಿಲ್ಲ, ಇಡೀ ಊರು ಹಬ್ಬದ ಊಟಕ್ಕೆ ಕುಳಿತಂತಿತ್ತು. ಆನ್ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿರಬೇಕು ಎಂದುಕೊಂಡೆ.

"ಮೊದಲ ಸರಕು ತಯಾರಾದಾಗ ನೋಡಲು ಇಲ್ಲಿಗೆ ನೀನೊಬ್ಬಳೇ ಬಾ. ಪರ್ಮಿಟ್ಟಿನ ಕೆಲಸ ನಾನು ನೋಡಿಕೊಳ್ಳುತ್ತೇನೆ" ಎಂದರು ಕಣ್ಣು ತೆರೆಯದೆಯೇ.

"ಯಾವಾಗ ಬರಲಿ?" ಎಂದಷ್ಟೇ ಕೇಳಿದೆ.

"ಅದನ್ನು ನಿನ್ನ ತಾಯಿಯನ್ನು ಕೇಳು" ಎಂದರು.