ಪಟದ ಮುಂದೆ ತೆಗೆದ ಮುಂಡಾಸು

ಫೋಟೊ ಕೈಗಿಟ್ಟೆ. ಮುದುಕರು ಅದನ್ನು ದಿಟ್ಟಿಸಿ ನೋಡಿದರು. ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಆಮೇಲೆ ಮುಂಡಾಸು ತೆಗೆದು ಅದರ ಮುಂದೆ ತಲೆಬಾಗಿ ನಿಂತುಬಿಟ್ಟರು.

ಉದಕಮಂಡಲದ ಪೇಟೆಯಲ್ಲಿರುವ ನನ್ನ ಸ್ಟುಡಿಯೊಗೆ ಅವರು ಕೂಕಲ್ತೊರೈ ಎಂಬ ಬಡಗರ ಹಳ್ಳಿಯಿಂದ ಬಂದಿದ್ದರು. ಮದರಾಸಿಗೆ ಓದಲು ಹೋದ ಮೊಮ್ಮಗ, ಅಜ್ಜನ ಮುಖ ಮರೆತುಹೋಗುತ್ತಿದೆ, ಒಂದು ಪಟ ಬೇಕು ಎಂದು ಹೇಳಿಕಳಿಸಿದ್ದನಂತೆ. ಈ ನೀಲಗಿರಿ ಬೆಟ್ಟದ ಬಡಗರಲ್ಲಿ ಹಿರಿಯರು ಎದುರಾದರೆ ಕಿರಿಯರು ಹೀಗೆ ತಲೆಯೊಡ್ಡುತ್ತಾರೆ. ಹಿರಿಯರು ಮುಟ್ಟಿ ಹರಸುತ್ತಾರೆ. ಆದರೆ ತನ್ನದೇ ಪಟಕ್ಕೆ? ನನಗೆ ನಗು ಬಂತು.

“ಅಜ್ಜಾ, ಅದು ನೀವೇ,” ಎಂದೆ.

“ನಾನೇ, ಗೊತ್ತು. ಆದರೆ ಈ ಮುದಿ ಮೊಗದಲ್ಲಿ ಎನ್ನ ಅಪ್ಪನೂ ಬಂದವ್ನೆ, ನೋಡು. ಅವನ ಮುಂದೆ ಮಂಡೆ ಮುಚ್ಕೊಂಡು ನಿಲ್ಲೋದಾ?”

ಅವರ ತಂದೆಯ ಪಟವನ್ನು ಯಾರೂ ತೆಗೆದಿರಲಿಲ್ಲ. ನನ್ನ ತಂದೆಯದೂ ಇಲ್ಲ. ಪೇಟೆಯವರ ಮುಖಗಳನ್ನೆಲ್ಲ ಕ್ಯಾಮೆರಾದ ಗಾಜಿನ ಮೇಲೆ ಹಿಡಿದಿಟ್ಟ ನನಗೆ ಮೈಸೂರಿನಲ್ಲಿ ತೀರಿಕೊಂಡ ಅಪ್ಪನ ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲ. ಆ ಸಂಜೆ ಸ್ಟುಡಿಯೊದ ಕನ್ನಡಿಯ ಮುಂದೆ ಟೋಪಿ ತೆಗೆದು ನಿಂತೆ. ಅಪ್ಪ ಇನ್ನೂ ಬಂದಿಲ್ಲ. ನನಗಿನ್ನೂ ವಯಸ್ಸಾಗಬೇಕು.